ಹಲಗಲಿಯ ಲಾವಣಿ: ಒಂದು ಪುನರ್ವಿಮರ್ಶೆ

ಶಸ್ತ್ರ ಹಿಡಿದೆದ್ದ ಜನರ ಚರಿತ್ರೆಯನ್ನು ಬಹುಮಟ್ಟಿಗೆ ಅವರನ್ನು ಅಡಗಿಸಿದವರೇ ಬರೆದಿಟ್ಟಿದ್ದಾರೆ. ಸೋತವನಿಗೆ ದಫ್ತರವಿಲ್ಲ, ಗೆದ್ದವನಿಗೆ ಅದಿಲ್ಲದೆ ರಾಜ್ಯಭಾರವೇ ಸಾಗದು. 1855ರಲ್ಲಿ ಸಿದು ಮತ್ತು ಕಾನ್ಹು ಎಂಬ ಸಹೋದರರ ಮುಂದಾಳುತನದಲ್ಲಿ ಎದ್ದ ಸಂತಾಲರ ಬಂಡಾಯವನ್ನು ಅರಿಯಹೊರಟವನು ಕೊನೆಗೆ ಅಧಿಕಾರಿಗಳ ವರದಿಗಳನ್ನೇ ತಡವಬೇಕಾಗುತ್ತದೆ. ಅದರ ಎರಡು ವರ್ಷಗಳ ತರುವಾಯ ಮುಧೋಳ ಸಂಸ್ಥಾನದ ಹಲಗಲಿಯಲ್ಲಿ ನಡೆದ ಬೇಡರ ದಂಗೆಯೂ ಇದೇ ಬಗೆಯದು. ಆದರೆ ಹಲಗಲಿಯ ಮಟ್ಟಿಗೆ, ದಫ್ತರದ ಎದುರಿಗೆ ಇಟ್ಟು ನೋಡಬಹುದಾದ ಒಂದು ಕನ್ನಡ ಲಾವಣಿ ಉಳಿದುಬಂದಿದೆ. ಅದನ್ನು ಹೊಗಳಿದವರು ಬಹಳ, ಓದಿದವರು ಕಡಿಮೆ.

ಘಟನೆ ಸಂಕ್ಷೇಪವಾಗಿ ಹೀಗಿದೆ. ಉತ್ತರ ಹಿಂದುಸ್ಥಾನದ ದಂಗೆಯಿಂದ ಬೆದರಿದ ಕಂಪನಿ ಸರ್ಕಾರ 1857ರಲ್ಲಿ ನಿಶ್ಶಸ್ತ್ರೀಕರಣದ ಕಾಯಿದೆಯನ್ನು ಜಾರಿಗೆ ತಂದಿತು. ಬೇಟೆಯನ್ನೂ ಕಾವಲನ್ನೂ ನೆಚ್ಚಿ ಬಾಳುತ್ತಿದ್ದ ಹಲಗಲಿಯ ಬೇಡರು ಆಯುಧಗಳನ್ನು ಒಪ್ಪಿಸಲಿಲ್ಲ. ಆ ವರ್ಷದ ನವೆಂಬರ್ ಕೊನೆಯಲ್ಲಿ ದಂಡು ಊರನ್ನು ಮುತ್ತಿ ಬೆಂಕಿ ಹಚ್ಚಿತು. ಸೆರೆ ಸಿಕ್ಕವರು 290 ಜನ. ಅವರಲ್ಲಿ 13 ಜನರನ್ನು ಡಿಸೆಂಬರ್ 11ರಂದು ಮುಧೋಳದಲ್ಲಿ, 6 ಜನರನ್ನು ಡಿಸೆಂಬರ್ 14ರಂದು ಹಲಗಲಿಯಲ್ಲಿಯೇ ಗಲ್ಲಿಗೇರಿಸಲಾಯಿತು. ಮರುವರ್ಷ ನರಗುಂದ, ಮುಂಡರಗಿ, ಸುರಪುರಗಳಲ್ಲಿ ಎದ್ದವರು ಸಂಸ್ಥಾನಿಕರು, ದೇಸಾಯರು, ನಾಯಕರು. ಅವರಿಗೆ ಕೋಟೆಯಿತ್ತು, ವಕೀಲರಿದ್ದರು, ಪತ್ರವ್ಯವಹಾರವಿತ್ತು. ಹಲಗಲಿಗೆ ದೊರೆಯಿರಲಿಲ್ಲ. ಜಡಗ, ಬಾಲ, ಹನುಮ, ರಾಮ ಎಂಬ ಹೆಸರುಗಳಿಗೆ ಮುಂದೆ ಬಿರುದಿಲ್ಲ, ಹಿಂದೆ ವಂಶಾವಳಿಯಿಲ್ಲ. ಇವರ ಪಾಲಿಗೆ ಲಾವಣಿಯೇ ಬಖೈರು.

ಈ ಲಾವಣಿ ಅಚ್ಚಾದ ಬಗೆಯೂ ವಿಚಾರಾರ್ಹವಾಗಿದೆ. ಮುಂಬಯಿ ಇಲಾಖೆಯ ಸಿವಿಲ್ ಅಧಿಕಾರಿಯೂ ಶಾಸನಶಾಸ್ತ್ರಜ್ಞನೂ ಆಗಿದ್ದ ಜಾನ್ ಫೇತ್‌ಫುಲ್ ಫ್ಲೀಟ್, ಕನ್ನಡ ಲಾವಣಿಗಳನ್ನು ಸಂಗ್ರಹಿಸಿ 1885ರಿಂದ ಮೊದಲ್ಗೊಂಡು ಮುಂಬಯಿಯ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದನು. ಸಂಗೊಳ್ಳಿ ರಾಯಣ್ಣನ ಲಾವಣಿಯಂತೆ ಹಲಗಲಿಯದೂ ಆ ಸಂಗ್ರಹದಲ್ಲಿದೆ. ಯಾವ ಸರ್ಕಾರ ಹಲಗಲಿಯನ್ನು ಸುಟ್ಟಿತೋ ಅದರ ಉತ್ತರಾಧಿಕಾರಿಯಾದ ಸರ್ಕಾರದ ನೌಕರನೊಬ್ಬ, ಮೂರು ದಶಕಗಳೊಳಗೆ, ಆ ಊರಿನ ಅಳಲನ್ನು ಅಕ್ಷರಕ್ಕಿಳಿಸಿದನು. ಇದರಲ್ಲಿ ಫ್ಲೀಟನ ವಿದ್ವತ್ಪ್ರೀತಿಯನ್ನು ಕಾಣದಿರುವುದು ಕೃತಘ್ನತೆ. ಆತನ ಕುತೂಹಲ ಭಾಷೆಯದೋ ಬಂಡಾಯದ್ದೋ ಎಂದು ಕೇಳದಿರುವುದು ಅಜಾಗರೂಕತೆ.

ಲಾವಣಿಕಾರನೂ ಪ್ರತ್ಯಕ್ಷ ಸಾಕ್ಷಿಯೆಂದು ಹೇಳಲಾಗದು. ಅಂಕಿತದಲ್ಲಿ ಬರುವ ಕಲ್ಮೇಶ ಕುರ್ತಕೋಟಿಯ ದೈವ. ಕುರ್ತಕೋಟಿ ಗದಗಿನ ಹತ್ತಿರದ ಊರು, ಹಲಗಲಿಗೆ ನೆರೆಯಲ್ಲ. ಸುದ್ದಿ ಅಷ್ಟು ದೂರ ನಡೆದು ಹಾಡಾಗಿರಬೇಕು. ಆದುದರಿಂದ ಇದನ್ನು ಬೇಡರ ಸ್ವಂತ ವಾಙ್ಮೂಲವೆಂದು ಗ್ರಹಿಸುವುದಕ್ಕಿಂತ, ಅವರ ಸುದ್ದಿಯನ್ನು ಕೇಳಿದ ನಾಡು ಏನನ್ನು ನೆನಪಿಟ್ಟಿತು ಎಂಬುದಕ್ಕೆ ಸಾಕ್ಷಿಯೆಂದು ಗ್ರಹಿಸುವುದು ಯುಕ್ತ.

ಈ ಕೃತಿಗೆ ಎರಡು ಹೆಸರುಗಳು ಅಂಟಿಕೊಂಡಿವೆ. ಆಳುವವರಿಗೆ ಇದು ‘ದಂಗೆ’ಯ ಹಾಡು, ಏಕೀಕರಣೋತ್ತರ ಕನ್ನಡ ವಿಮರ್ಶೆಗೆ ಇದು ‘ಸ್ವಾತಂತ್ರ್ಯ ಸಂಗ್ರಾಮ’ದ ಹಾಡು. ಕರ್ನಾಟಕದ ಹತ್ತನೆಯ ತರಗತಿಯ ಪಠ್ಯದಲ್ಲಿ ಇದು ಸೇರಿಬಂದುದೂ ಮುಖ್ಯವಾಗಿ ಎರಡನೆಯ ಹೆಸರಿನ ಬಲದಿಂದ. ಮೊದಲನೆಯ ಹೆಸರು ಕೃತಿಯನ್ನು ಕುಗ್ಗಿಸುತ್ತದೆ ಎಂಬುದು ಸ್ಪಷ್ಟ. ಎರಡನೆಯದು ಹಿಗ್ಗಿಸುವ ನೆವದಲ್ಲಿ ಅದರ ಒಡಲನ್ನೇ ಮರೆಸುತ್ತದೆ ಎಂಬುದು ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ.

ಲಾವಣಿ ಮುಂದಿಡುವ ಕಾರಣ ಒಂದೇ: ವಿಲಾಯತಿಯಿಂದ ಹುಕುಂ ಬಂದಿದೆ, ಹತಾರಗಳನ್ನು ಕಸಿದುಕೊಳ್ಳುತ್ತಾರೆ. ಆಯುಧ ಹೋದರೆ ಜೀವ ಹೋದಂತೆಯೇ ಎಂದು ಬೇಡರು ತಮ್ಮೊಳಗೆ ಮಾತಾಡಿಕೊಳ್ಳುತ್ತಾರೆ. ಇಲ್ಲಿ ಜೀವವೆಂದರೆ ಅಲಂಕಾರದ ಮಾತಲ್ಲ, ಜೀವನೋಪಾಯ. ಅವರ ಮೊದಲ ಪೆಟ್ಟು ಬೀಳುವುದೂ ಯಾವ ಸೇನಾನಿಯ ಮೇಲೂ ಅಲ್ಲ, ಹುಕುಂ ಹಿಡಿದು ಬಂದ ಕಾರಕೂನನ ಕಪಾಳದ ಮೇಲೆ. ಸಾಮ್ರಾಜ್ಯವು ಹಳ್ಳಿಗೆ ಬರುವುದು ಕಾರಕೂನನ ರೂಪದಲ್ಲಿ, ಬಹಳ ಸಲ ಅದೇ ನಾಡಿನವನ ರೂಪದಲ್ಲಿ. ಈ ಸತ್ಯವನ್ನು ಲಾವಣಿ ಮುಚ್ಚಿಡುವುದಿಲ್ಲ; ಸಂಗ್ರಾಮವೆಂಬ ದೊಡ್ಡ ಮಾತು ಮುಚ್ಚಿಡುತ್ತದೆ.

ಕೃತಿಯ ಹೃದಯವಿರುವುದು ಕಾಳಗದ ವರ್ಣನೆಯಲ್ಲಲ್ಲ. ಸಿಡಿಲಿನಂತೆ ಗುಂಡು ಸಿಡಿಯಿತೆಂಬ ಬಗೆಯ ಉಪಮೆಗಳು ಲಾವಣಿ ಸಂಪ್ರದಾಯದ ಹಳೆಯ ನಾಣ್ಯಗಳು. ಯಾವ ವೀರನ ಹಾಡಿನಲ್ಲಾದರೂ ಚಲಾವಣೆಯಾಗುತ್ತವೆ. ಹಲಗಲಿಗೆ ಮಾತ್ರ ಸಲ್ಲುವ ಭಾಗ ಲೂಟಿಯ ಪಟ್ಟಿ. ಕೊಡಲಿ, ಕುಡಗೋಲು, ನೇಗಿಲು. ಹಾಲು, ಮೊಸರು, ಬೆಣ್ಣೆ. ಉಪ್ಪು, ಎಣ್ಣೆ, ಅರಿಶಿನ, ಜೀರಿಗೆ, ಅಕ್ಕಿ, ಸಕ್ಕರೆ, ಬೆಲ್ಲ. ಗಂಗಾಳ, ಚರಿಗೆ, ಮಂಗಳಸೂತ್ರ. ಎಲ್ಲಕ್ಕೂ ಕೊನೆಗೆ ಬೀಸುವ ಕಲ್ಲು. ಇದನ್ನು ಕಾವ್ಯದ ಓಟಕ್ಕೆ ತೊಡಕಾದ ಶುಷ್ಕ ಯಾದಿಯೆಂದು ಬಗೆಯುವವರುಂಟು. ಆದರೆ ಯಾದಿಯ ಕ್ರಮವನ್ನು ಗಮನಿಸಬೇಕು. ಹತಾರವನ್ನು ಕಸಿಯಬೇಕೆಂದು ಹೊರಟ ಹುಕುಂ ಉಳುವ, ಕೊಯ್ಯುವ ಕಬ್ಬಿಣಕ್ಕೂ ಕೈಹಾಕುತ್ತದೆ. ಅಲ್ಲಿಂದ ಅಡಿಗೆಮನೆಯನ್ನು ಹೊಗುತ್ತದೆ. ಹೆಣ್ಣಿನ ಕೊರಳನ್ನು ಮುಟ್ಟುತ್ತದೆ. ಬೀಸುವ ಕಲ್ಲನ್ನು ಹೊತ್ತೊಯ್ದು ಸಿಪಾಯಿ ಮಾಡುವುದೇನು? ಅವನಿಗೆ ಅದರಿಂದ ಲಾಭವಿಲ್ಲ. ಜೋಳ ಬೀಸಿ ರೊಟ್ಟಿ ತಟ್ಟುವ ಸೀಮೆಯಲ್ಲಿ ಅದಿಲ್ಲದ ಮನೆಯಲ್ಲಿ ಮಾತ್ರ ಒಲೆ ಹೊತ್ತುವುದಿಲ್ಲ. ಬೇಡರು ಆಯುಧ ಕೊಡಲು ಏಕೆ ಅಂಜಿದರೆಂಬ ಪ್ರಶ್ನೆಗೆ ಲಾವಣಿಕಾರ ವಾದ ಹೂಡುವುದಿಲ್ಲ. ಈ ಪಟ್ಟಿಯನ್ನು ಓದಿ ಹೇಳಿ ಸುಮ್ಮನಾಗುತ್ತಾನೆ.

ಇಲ್ಲಿ ಎರಡು ಲೆಕ್ಕಗಳು ಎದುರುಬದುರಾಗುತ್ತವೆ. ಸರ್ಕಾರ ಜನರನ್ನು ಎಣಿಸಿತು: 290, 13, 6. ಲಾವಣಿ ವಸ್ತುಗಳನ್ನು ಎಣಿಸಿತು. ಮೊದಲನೆಯದು ಕಾರ್ಯ ಮುಗಿಯಿತೆಂದು ತೋರಿಸುವ ಲೆಕ್ಕ. ಎರಡನೆಯದು ಏನು ಉಳಿಯಲಿಲ್ಲವೆಂದು ತೋರಿಸುವ ಲೆಕ್ಕ. ಗಲ್ಲಿಗೇರಿದವರ ಸಂಖ್ಯೆ ದಫ್ತರದಲ್ಲಿ ಸಿಕ್ಕುತ್ತದೆ. ಮರುದಿನ ಹಿಟ್ಟಿಲ್ಲದೆ ಕುಳಿತ ಮನೆಯ ಸುಳಿವು ಸಿಕ್ಕುವುದು ಲಾವಣಿಯಲ್ಲಿ.

ಬಂಡಾಯಗಳ ಅಧ್ಯಯನದಲ್ಲಿ ಬಂದ ಚರ್ಚೆಗಳು ಈ ಓದಿಗೆ ಒತ್ತಾಸೆಯಾಗುತ್ತವೆ. ಎರಿಕ್ ಹಾಬ್ಸ್‌ಬಾಮ್ 1959ರ ತನ್ನ ಗ್ರಂಥದಲ್ಲಿ ಇಂತಹ ಜನರನ್ನು ರಾಜಕೀಯ ಪ್ರಜ್ಞೆಗೆ ಪೂರ್ವದ ಹಂತದವರೆಂದು ಕರೆದನು. ರಣಜಿತ್ ಗುಹಾ 1983ರಲ್ಲಿ ವಸಾಹತು ಭಾರತದ ರೈತಬಂಡಾಯಗಳನ್ನು ಕುರಿತು ಬರೆಯುತ್ತ ಅದನ್ನು ಅಲ್ಲಗಳೆದರು: ಜಮೀನ್ದಾರ, ಸಾಹುಕಾರ, ಸರ್ಕಾರಗಳ ಅಧಿಕಾರವನ್ನು ಗುರುತಿಸಿ ಅದನ್ನು ತಲೆಕೆಳಗು ಮಾಡಹೊರಟ ಕೃತ್ಯ ರಾಜಕೀಯವಲ್ಲದೆ ಬೇರೇನೂ ಅಲ್ಲ ಎಂಬುದು ಅವರ ನಿಲುವು. ಹಲಗಲಿ ಗುಹಾ ಅವರ ಪಕ್ಷಕ್ಕೇ ಸಾಕ್ಷಿ ನುಡಿಯುತ್ತದೆ. ಕಾರಕೂನನ ಕಪಾಳಕ್ಕೆ ಬಿದ್ದ ಏಟು ಕೇವಲ ಸಿಟ್ಟಲ್ಲ. ಹುಕುಮಿನ ಅರ್ಥವನ್ನು ಚೆನ್ನಾಗಿ ತಿಳಿದು ಕೊಟ್ಟ ಉತ್ತರ. ಅದನ್ನು ರಾಜಕೀಯವೆನ್ನಲು ರಾಷ್ಟ್ರವೆಂಬ ಕಲ್ಪನೆಯನ್ನು ಅದಕ್ಕೆ ಎರವಲು ಕೊಡಬೇಕಾಗಿಲ್ಲ.

ಲಾವಣಿಗೆ ಇತಿಮಿತಿಗಳಿಲ್ಲವೆಂದಲ್ಲ. ವೀರರ ಸಾಹಸಗಳು ಒಂದರ ಹಿಂದೊಂದು ಒಂದೇ ಅಚ್ಚಿನಲ್ಲಿ ಬರುತ್ತವೆ. ನಾಲ್ವರು ನಾಯಕರ ಸ್ವಭಾವಭೇದ ಮೂಡುವುದಿಲ್ಲ. ಹೆಬಲಕ ಸಾಹೇಬನೆಂದು ಹಳ್ಳಿಯ ನಾಲಗೆಗೆ ಒಗ್ಗಿದ ಅಧಿಕಾರಿಯೂ ಹೆಸರಾಗಿಯೇ ಉಳಿಯುತ್ತಾನೆ. ಇದನ್ನು ಮಹಾಕಾವ್ಯದ ಪಂಕ್ತಿಯಲ್ಲಿ ಕೂರಿಸುವ ಉತ್ಸಾಹ ಅನಾವಶ್ಯಕ. ಸಣ್ಣ ಕೃತಿ ತನ್ನ ಅಳತೆಯಲ್ಲಿಯೇ ಸತ್ಯವಾಗಿರಬಲ್ಲದು.

ನಾಡಿಗಾಗಿ ಮಡಿದವರ ಸಾಲಿನಲ್ಲಿ ಹಲಗಲಿಯವರನ್ನು ನಿಲ್ಲಿಸುವುದು ತಪ್ಪಲ್ಲ. ಅವರಿಗೆ ಆ ಗೌರವ ಸಲ್ಲತಕ್ಕದ್ದೇ. ಆದರೆ ಆ ಗೌರವವನ್ನು ಸಲ್ಲಿಸುವ ಭರದಲ್ಲಿ ಅವರ ದೂರನ್ನು ಕೇಳದೆ ಹೋಗಬಾರದು. ವಿದ್ಯಾರ್ಥಿಗೆ ಶೌರ್ಯವನ್ನಷ್ಟೇ ಕಲಿಸಿ ಪಟ್ಟಿಯನ್ನು ಕಂಠಪಾಠಕ್ಕೆ ಬಿಟ್ಟರೆ, ಅವನಿಗೆ ಬೇಡರು ಹೇಗೆ ಸತ್ತರೆಂಬುದು ತಿಳಿದೀತು, ಏತಕ್ಕಾಗಿ ಎದ್ದರೆಂಬುದು ತಿಳಿಯದು. ಬಡವನ ಬದುಕಿನ ಉಪಕರಣಕ್ಕೆ ಸರ್ಕಾರ ಕೈಹಾಕಿದಾಗ ಏನಾಗುತ್ತದೆಂಬ ಪ್ರಶ್ನೆ ಕಂಪನಿಯೊಡನೆ ಮುಗಿದುಹೋದುದಲ್ಲ. ಆ ಪ್ರಶ್ನೆಯನ್ನು ಕನ್ನಡದಲ್ಲಿ ಇಷ್ಟು ಸರಳವಾಗಿ ಕೇಳಿದ ಕೃತಿಗಳು ವಿರಳವೆಂಬುದೇ ಹಲಗಲಿಯ ಲಾವಣಿಯ ಹೆಚ್ಚುಗಾರಿಕೆ.