‘ವಾಯಸ’ ದೋಷ: ಒಂದು ಪಾರಿಭಾಷಿಕ ಪದದ ಅರ್ಥವಿಚಾರ

ಮೂಲಾಚಾರದ ಷಡಾವಶ್ಯಕಾಧಿಕಾರದಲ್ಲಿ ಕಾಯೋತ್ಸರ್ಗದ 32 ದೋಷಗಳು ಪರಿಗಣಿತವಾಗಿವೆ. ಅವುಗಳಲ್ಲಿ ‘ವಾಯಸ’ವೆಂಬುದು ಒಂದು. ಗಾಹೆಗಳು ದೋಷಗಳ ಹೆಸರನ್ನಷ್ಟೇ ಪೋಣಿಸಿಕೊಂಡು ಹೋಗುವುದರಿಂದ ಅರ್ಥಕ್ಕಾಗಿ ನಾವು ವೃತ್ತಿಕಾರರನ್ನೇ ಆಶ್ರಯಿಸಬೇಕಾಗುತ್ತದೆ. ವಸುನಂದಿಗಳು ಇದನ್ನು ಕಾಗೆಯಂತೆ ಪಾರ್ಶ್ವವನ್ನು ನೋಡುವುದೆಂದು ವಿವರಿಸಿದ್ದಾರೆ. ಆಶಾಧರಸೂರಿಗಳು ಅನಗಾರಧರ್ಮಾಮೃತದಲ್ಲಿ ‘ತಿರ್ಯಕ್’ ಎಂಬ ಪದದಿಂದ ಅದನ್ನೇ ಸೂಚಿಸುತ್ತಾರೆ. ಆದರೂ ಇತ್ತೀಚಿನ ಕೆಲವು ಅರ್ಥವಿವರಣೆಗಳಲ್ಲಿ ‘ಕಾಗೆಯಂತೆ ಅತ್ತಿತ್ತ ನೋಡುವುದು’ ಎಂದಿರುವುದು ವಿಚಾರಣೀಯವಾಗಿದೆ.

‘ಅತ್ತಿತ್ತ ನೋಡುವುದು’ ಎಂಬ ಅರ್ಥವನ್ನು ಒಪ್ಪಿದರೆ ಪುನರುಕ್ತಿ ತಪ್ಪದು. ಅದೇ ಪಟ್ಟಿಯಲ್ಲಿ ಮುಂದೆ ದಿಶಾವಲೋಕನವು ಬೇರೆಯಾಗಿಯೇ ಉಕ್ತವಾಗಿದೆ; ಹತ್ತು ದಿಕ್ಕುಗಳ ಅವಲೋಕನವನ್ನು ಹತ್ತು ದೋಷಗಳಾಗಿ ಎಣಿಸಿದಾಗಲೇ 32ರ ಲೆಕ್ಕ ತುಂಬುತ್ತದೆ. ವಾಯಸಕ್ಕೆ ಮೊದಲು ಬರುವ ‘ಸ್ತನದೃಷ್ಟಿ’ಯಾದರೋ ತನ್ನ ಎದೆಯ ಮೇಲೆಯೇ ಕಣ್ಣಿಡುವ ದೋಷ. ಹೀಗೆ ಕೆಳಗೆ, ಪಕ್ಕಕ್ಕೆ, ಸುತ್ತಲೂ ಎಂದು ಮೂರು ಬಗೆಯ ದೃಷ್ಟಿವಿಕಾರಗಳನ್ನು ಗ್ರಂಥಕಾರರು ಬೇರ್ಪಡಿಸಿರುವಾಗ ನಾವು ಎರಡನ್ನು ಕೂಡಿಸಿಬಿಡುವುದು ಉಚಿತವಲ್ಲ.

ಈ ಅರ್ಥವು ನಿರಾಧಾರವಾದುದೆಂದು ಹೇಳಲಾಗದು. ಶ್ವೇತಾಂಬರ ಪರಂಪರೆಯ ಆವಶ್ಯಕನಿರ್ಯುಕ್ತಿಯ ಪಟ್ಟಿಯಲ್ಲಿಯೂ ‘ವಾಯಸ’ವಿದೆ, ಆದರೆ ಅಲ್ಲಿ ದಿಶಾವಲೋಕನವು ಪ್ರತ್ಯೇಕವಾಗಿಲ್ಲ. ಆದುದರಿಂದ ಹೇಮಚಂದ್ರಾಚಾರ್ಯರ ಯೋಗಶಾಸ್ತ್ರದ ವೃತ್ತಿಯಲ್ಲಿ ಕಣ್ಣಾಲಿಗಳನ್ನು ಅತ್ತಿತ್ತ ತಿರುಗಿಸುವ ಅರ್ಥವೂ ದಿಕ್ಕುಗಳನ್ನು ನೋಡುವ ಅರ್ಥವೂ ಈ ಒಂದೇ ಪದದಲ್ಲಿ ಅಡಕವಾದುದು ಸಹಜವೇ ಆಗಿದೆ. ಅಲ್ಲಿ ಸಲ್ಲುವ ಅರ್ಥವನ್ನು ಮೂಲಾಚಾರಕ್ಕೆ ಹೊಂದಿಸಿದಾಗ ಮಾತ್ರ ತೊಡಕು. ಹೆಸರು ಒಂದೇ ಆದ ಮಾತ್ರಕ್ಕೆ ಅದರ ವ್ಯಾಪ್ತಿಯೂ ಒಂದೇ ಎಂದು ಎಣಿಸಲಾಗದು.

ಇನ್ನು ಕಾಗೆಯನ್ನೇ ಉಪಮಾನವಾಗಿ ಆರಿಸಿದ್ದೇಕೆ? ಅದರ ಕಣ್ಣುಗಳು ತಲೆಯ ಎರಡು ಬದಿಗಳಲ್ಲಿವೆ. ಕೊಕ್ಕು ಎದುರಿಗಿದ್ದರೂ ನೋಟ ಪಕ್ಕದಲ್ಲಿರುತ್ತದೆ. ಬಲಿಯನ್ನದ ಬಳಿ ಕುಳಿತ ಕಾಗೆಯನ್ನು ಕಂಡವರಿಗೆ ಇನ್ನೊಂದು ಅಂಶವೂ ತಿಳಿದಿದೆ: ಅದು ತುತ್ತನ್ನು ಎತ್ತುವಾಗಲೂ ಮನುಷ್ಯನನ್ನು ನಂಬುವುದಿಲ್ಲ. ಈ ಓರೆನೋಟದಲ್ಲಿ ಶಂಕೆಯಿದೆ. ನಾಟ್ಯಶಾಸ್ತ್ರವು ಹೇಳುವ 36 ದೃಷ್ಟಿಗಳಲ್ಲಿ ‘ಶಂಕಿತಾ’ ಎಂಬುದು ಒಂದು. ಅದರ ಲಕ್ಷಣದಲ್ಲಿ ಚಾಂಚಲ್ಯದೊಡನೆ ಓರೆಯಾಗಿ ಹರಿಯುವಿಕೆಯೂ ಬೆಚ್ಚಿದ ಕಣ್ಣಾಲಿಯೂ ಸೇರಿವೆ. ವಸುನಂದಿಗಳು ಶಂಕೆಯ ಮಾತನ್ನು ಬಾಯಿಬಿಟ್ಟು ಹೇಳಿಲ್ಲವೆಂಬುದು ದಿಟ. ಆದರೆ ಬರಿಯ ಪಾರ್ಶ್ವಾವಲೋಕನವನ್ನು ಹೇಳಲು ಹಕ್ಕಿಗಳಲ್ಲೆಲ್ಲ ಕಾಗೆಯೇ ಬೇಕಿರಲಿಲ್ಲ.

ಇದು ಪದದ ಮೇಲಣ ಜಗಳವಷ್ಟೇ ಅಲ್ಲ. ಕಾಯೋತ್ಸರ್ಗವೆಂದರೆ ದೇಹಮಮತ್ವದ ತ್ಯಾಗ. ದಿಕ್ಕುಗಳನ್ನು ನೋಡುವವನ ಮನಸ್ಸು ಹೊರಗಿನ ವಸ್ತುವಿನ ಕಡೆಗೆ ಹರಿದಿದೆ. ಪಕ್ಕಕ್ಕೆ ಕಣ್ಣು ಹಾಯಿಸುವವನಾದರೋ ತನ್ನ ಒಡಲಿಗೆ ಏನಾದೀತೆಂದು ಕಾವಲಿದ್ದಾನೆ. ಮೊದಲನೆಯದು ಕುತೂಹಲ, ಎರಡನೆಯದು ಭಯ. ಸಮ್ಯಗ್ದೃಷ್ಟಿಗಳು ನಿಃಶಂಕರು, ಆದುದರಿಂದಲೇ ಸಪ್ತಭಯಗಳಿಲ್ಲದ ನಿರ್ಭಯರು ಎಂದು ಸಮಯಸಾರದಲ್ಲಿ ಕುಂದಕುಂದಾಚಾರ್ಯರು ನಿರೂಪಿಸಿರುವುದನ್ನು ಇಲ್ಲಿ ನೆನೆಯಬೇಕು. ತತ್ತ್ವಾರ್ಥಸೂತ್ರದಲ್ಲಿ ಸಮ್ಯಕ್ತ್ವದ ಅತಿಚಾರಗಳಲ್ಲಿ ಮೊದಲನೆಯದಾದ ಶಂಕೆಗೆ ಜಿನವಚನದಲ್ಲಿ ಸಂದೇಹವೆಂಬ ಅರ್ಥವೇ ಪ್ರಸಿದ್ಧವಾದರೂ, ಭಯವೆಂಬ ಅರ್ಥವೂ ಆ ಪದಕ್ಕೆ ಅನ್ಯವಲ್ಲ. ವಡ್ಡಾರಾಧನೆಯ ಸುಕುಮಾರಸ್ವಾಮಿಯು ನರಿಯ ಉಪಸರ್ಗವನ್ನು ಸಹಿಸಿದ ಬಗೆಯನ್ನು ಬಲ್ಲವರಿಗೆ ಈ ದೋಷದ ತೂಕ ಬೇಗನೆ ತಿಳಿಯುತ್ತದೆ.

ಕನ್ನಡದಲ್ಲಿ ಇದಕ್ಕೆ ಸಲ್ಲುವ ಪದವಾವುದು? ‘ಕಟಾಕ್ಷ’ವು ಕೃಪೆಯ ಕಡೆಗೆ ವಾಲಿದೆ. ‘ಕುಡಿನೋಟ’ವು ಶೃಂಗಾರಕ್ಕೆ ಮೀಸಲು, ಮುನಿಯ ವಿಷಯದಲ್ಲಿ ಅದನ್ನು ಬಳಸುವುದು ಹಾಸ್ಯಾಸ್ಪದ. ‘ಕಡೆಗಣ್ಣು’ ಎಂದರೆ ಓದುಗನ ಮನಸ್ಸು ‘ಕಡೆಗಣಿಸು’ ಎಂಬಲ್ಲಿಗೆ, ಎಂದರೆ ಅನಾದರದ ಕಡೆಗೆ ಹೋಗುತ್ತದೆ. ‘ಕಾಕದೃಷ್ಟಿ’ಯು ಮೂಲಕ್ಕೆ ಹತ್ತಿರವೆಂದು ತೋರುವುದೇ ಅಪಾಯಕರ: ಇಂದಿನ ಬಳಕೆಯಲ್ಲಿ ಅದು ಪರರ ಸೊತ್ತಿನ ಮೇಲಣ ಕೆಟ್ಟ ಕಣ್ಣು. ಅಂಜಿದ ಸಾಧಕನ ಮೇಲೆ ದುರಾಸೆಯ ಆರೋಪ ಬಂದಂತಾಗುತ್ತದೆ. ‘ಓರೆನೋಟ’ದಲ್ಲಿ ತಕ್ಕಷ್ಟು ತಟಸ್ಥತೆಯಿರುವುದರಿಂದ ಅದನ್ನೇ ಉಳಿಸಿಕೊಂಡು, ‘ಮೊಗವನ್ನು ತಿರುಗಿಸದೆ ಕಾಗೆಯಂತೆ ಪಕ್ಕಕ್ಕೆ ಓರೆನೋಟ ಹಾಯಿಸುವುದು’ ಎಂದು ಅರ್ಥ ಬರೆಯಬಹುದು. ಶಂಕೆಯ ಮಾತು ಅರ್ಥದೊಳಗೆ ಸೇರದೆ ಟಿಪ್ಪಣಿಯಲ್ಲಿರಲಿ. ಅದು ಉಪಮಾನದಿಂದ ನಾವು ಊಹಿಸಿದುದೇ ಹೊರತು ವೃತ್ತಿಕಾರರ ಮಾತಲ್ಲ.