ರಾಮಧಾನ್ಯಚರಿತೆಯಲ್ಲಿ ಕೋಪದ ಸ್ವರೂಪ

ಕನಕದಾಸರ ‘ರಾಮಧಾನ್ಯಚರಿತೆ’ಯು ಭಾಮಿನೀ ಷಟ್ಪದಿಯಲ್ಲಿ ರಚಿತವಾದ ಒಂದು ಚಿಕ್ಕ ಕಾವ್ಯ. ಭತ್ತವಾದ ವ್ರಿಹಿಯು ಗರ್ವಿ, ರಾಗಿಯಾದ ನರೆದಲೆಗನು ಸಾಧು. ಗರ್ವಿಗೆ ಭಂಗವೂ ಸಾಧುವಿಗೆ ಮಾನವೂ ದೊರೆಯುವುದೇ ಕಾವ್ಯಾರ್ಥವೆಂಬುದು ಸಾಮಾನ್ಯವಾದ ವ್ಯಾಖ್ಯಾನ. ಆದರೆ ಈ ವ್ಯಾಖ್ಯಾನವು ಕಾವ್ಯದ ಎರಡು ಮುಖ್ಯ ಸಂಗತಿಗಳಿಗೆ ಉತ್ತರ ಹೇಳಲಾರದು. ಒಂದು, ನರೆದಲೆಗನೂ ವ್ರಿಹಿಯಷ್ಟೇ ಕೆರಳುವನು. ಎರಡು, ಶ್ರೀರಾಮನು ಸೆರೆಗೆ ಕಳುಹಿಸುವುದು ಒಬ್ಬನನ್ನಲ್ಲ, ಇಬ್ಬರನ್ನೂ. ನರೆದಲೆಗನು ಕೇವಲ ಸಾಧುವಾಗಿದ್ದ ಪಕ್ಷಕ್ಕೆ ಅವನಿಗೆ ಸೆರೆಯೇಕೆ ಎಂಬ ಪ್ರಶ್ನೆ ಉಳಿಯುವುದು.

ಕವಿಯ ಜನ್ಮಸ್ಥಳವೆಂದು ಪ್ರಸಿದ್ಧವಾದ ಬಾಡವು ಶಿಗ್ಗಾಂವಿ ತಾಲ್ಲೂಕಿನದು. ಸರ್ವಜ್ಞನ ಹೆಸರಿನೊಡನೆ ಬೆಸೆದಿರುವ ಅಬಲೂರು, ಮಾಸೂರುಗಳೂ ಹಂಸಭಾವಿಯೂ ಹಾವೇರಿ ಜಿಲ್ಲೆಯವು. ಮಲೆನಾಡು ಮುಗಿದು ಬಯಲುಸೀಮೆ ತೊಡಗುವ ಈ ನಾಡಿನಲ್ಲಿ ನೀರನ್ನು ನಂಬಿದ ಭತ್ತದ ಗದ್ದೆಯೂ ಮಳೆಯನ್ನು ನಂಬಿದ ಹೊಲವೂ ನೆರೆಹೊರೆಯಾಗಿರುವುವು. ಧಾನ್ಯಗಳ ಜಗಳವನ್ನು ಕಾವ್ಯವಸ್ತುವಾಗಿ ಆರಿಸಿದ ಕವಿಗೆ ಇದು ಕಣ್ಣೆದುರಿನ ಲೋಕವೇ ಆಗಿದ್ದಿತು.

ಕಥೆಯು ಪರಿಚಿತವಾದುದೇ. ರಾವಣವಧೆಯ ಅನಂತರ ಅಯೋಧ್ಯೆಗೆ ಮರಳುವ ರಾಮನಿಗೆ ಋಷ್ಯಾಶ್ರಮದಲ್ಲಿ ಬಗೆಬಗೆಯ ಭಕ್ಷ್ಯಗಳ ಸತ್ಕಾರವಾಗುವುದು. ಧಾನ್ಯಗಳಲ್ಲಿ ಯಾವುದು ಶ್ರೇಷ್ಠವೆಂಬ ಪ್ರಶ್ನೆಯೆದ್ದಾಗ ಗೌತಮನು ನರೆದಲೆಗನನ್ನು ಹೊಗಳುವನು. ವ್ರಿಹಿಯು ಸಭೆಯಲ್ಲಿಯೇ ಸಿಡಿದೇಳುವನು. ನರೆದಲೆಗನು ಹೀನರ ಅನ್ನ, ತಾನಾದರೋ ದೇವತಾಕಾರ್ಯ, ಮಂಗಳಕಾರ್ಯಗಳಿಗೆ ಸಲ್ಲುವವನು ಎಂಬುದು ಅವನ ವಾದ. ನೀನು ಸಿರಿವಂತರ ಪಕ್ಷಪಾತಿ, ಬಡವರನ್ನು ಕಣ್ಣೆತ್ತಿ ನೋಡೆ, ಮಳೆಯಿಲ್ಲದ ಕಾಲದಲ್ಲಿ ನಿನ್ನ ಸುಳಿವೇ ಇಲ್ಲ, ಆಗ ಲೋಕವನ್ನು ಕಾಯುವವನು ನಾನು ಎಂಬುದು ನರೆದಲೆಗನ ಪ್ರತ್ಯುತ್ತರ. ಹೆಣದ ಬಾಯಿಗೆ ಅಕ್ಕಿಯಿಡುವ ರೂಢಿಯನ್ನೆತ್ತಿ ಹಂಗಿಸುವುದಕ್ಕೂ ಅವನು ಹಿಂಜರಿಯುವುದಿಲ್ಲ.

ಇಲ್ಲಿಯ ಕೋಪಗಳನ್ನು ವಿಂಗಡಿಸುವುದಕ್ಕೆ ಅಲಂಕಾರಶಾಸ್ತ್ರವು ನೆರವಾಗುವುದು. ಭರತಮುನಿಯು ಕ್ರೋಧವನ್ನು ರೌದ್ರರಸಕ್ಕೆ ಸ್ಥಾಯಿಯೆಂದು ಹೇಳಿ, ಶತ್ರು, ಗುರು, ಪ್ರಣಯಿ, ಭೃತ್ಯ ಇವರ ನಿಮಿತ್ತವಾಗಿ ಹುಟ್ಟುವುದು, ಮತ್ತು ಕೃತಕವಾದುದು ಎಂದು ಅದನ್ನು ಐದು ಬಗೆಯಾಗಿಸಿರುವನು. ಗರ್ವ, ಅಸೂಯೆ, ಅಮರ್ಷ, ಉಗ್ರತೆಗಳನ್ನಾದರೋ 33 ವ್ಯಭಿಚಾರಿಭಾವಗಳಲ್ಲಿ ಎಣಿಸಿರುವನು. ಮುನಿಯು ವಿಂಗಡಿಸಿದುದು ಕೋಪವನ್ನಲ್ಲದೆ ಕೋಪಿಷ್ಠರನ್ನಲ್ಲವೆಂಬುದು ಗಮನಾರ್ಹ. ಪರರ ಪ್ರಶಂಸೆಯನ್ನು ಕೇಳಿ ಕುದಿಯುವ ವ್ರಿಹಿಯದು ಗರ್ವಮೂಲವಾದ ಅಸೂಯೆ. ಅಧಿಕ್ಷೇಪ, ಅವಮಾನಗಳಿಂದ ಹುಟ್ಟುವುದಾದುದರಿಂದ ನರೆದಲೆಗನದು ಅಮರ್ಷ. ಹೊರಗೆ ಬೈಗುಳು ಒಂದೇ, ಒಳಗೆ ಬೀಜ ಬೇರೆ.

ಹೀಗಿರುವಲ್ಲಿ, ಇಬ್ಬರೂ ತಮ್ಮ ಕೋಪವನ್ನು ಕೋಪವೆಂದು ಬಗೆಯದಿರುವುದೇ ಕಾವ್ಯದ ಸ್ವಾರಸ್ಯ. ವ್ರಿಹಿಯು ತಾನು ಆಚಾರವನ್ನು ರಕ್ಷಿಸುತ್ತಿರುವೆನೆಂದು ತಿಳಿದಿರುವನು. ನರೆದಲೆಗನು ತಾನು ನ್ಯಾಯವನ್ನು ನುಡಿಯುತ್ತಿರುವೆನೆಂದು ತಿಳಿದಿರುವನು. ಕೋಪವು ಯಾವಾಗಲೂ ಒಂದು ಸದ್ಗುಣದ ವೇಷವನ್ನು ಧರಿಸಿಯೇ ಒಡೆಯನಿಗೆ ಕಾಣಿಸಿಕೊಳ್ಳುವುದು. ಆದುದರಿಂದಲೇ ಅವನು ಅದರ ಗುರುತು ಹಿಡಿಯಲಾರನು.

20ನೆಯ ಶತಮಾನದಲ್ಲಿ ಆಸ್ಕರ್ ಇಚಾಜೊ, ಕ್ಲಾಡಿಯೊ ನರಾಂಜೊ ಮೊದಲಾದವರು ರೂಪಿಸಿದ ಎನಿಯಾಗ್ರಾಂ ಎಂಬ ಪದ್ಧತಿಯೂ ಇದೇ ಗಂಟನ್ನು ಬಿಡಿಸಲೆಳಸುವುದು. ಅದು ಮನುಷ್ಯಸ್ವಭಾವವನ್ನು ಒಂಬತ್ತಾಗಿ ವಿಭಾಗಿಸಿ, ಅವುಗಳಲ್ಲಿ ಎಂಟು, ಒಂಬತ್ತು, ಒಂದನೆಯವುಗಳಿಗೆ ಕೋಪವೇ ಬುಡವೆಂದು ಹೇಳುವುದು. ಎಂಟನೆಯವನು ಕೋಪವನ್ನು ಹೊರಚೆಲ್ಲುವನು. ಒಂಬತ್ತನೆಯವನು ಅದನ್ನು ಮರೆತು ಮಲಗಿಸುವನು. ಒಂದನೆಯವನು ಅದನ್ನು ಅದುಮಿ ಶುದ್ಧಿಯ ಹಟವನ್ನಾಗಿ ಮಾರ್ಪಡಿಸುವನು. ತನ್ನ ವರ್ಗವನ್ನು ತಾನೇ ತಪ್ಪಾಗಿ ಎಣಿಸಿಕೊಳ್ಳುವುದು ಇಲ್ಲಿ ಸಾಮಾನ್ಯವಾದ ದೋಷ. ಏಕೆಂದರೆ ಜನರು ತಮ್ಮ ನಡತೆಯ ಪ್ರೇರಣೆಯನ್ನು ನೋಡದೆ, ತಾವು ಆಗಬಯಸುವ ಮೂರ್ತಿಯನ್ನು ನೋಡಿ ಉತ್ತರ ಹೇಳುವರು. ಈ ಪದ್ಧತಿಯ ಪ್ರಾಮಾಣ್ಯದ ವಿಷಯದಲ್ಲಿ ಮನಶ್ಶಾಸ್ತ್ರಜ್ಞರಿಗೆ ಒಮ್ಮತವಿಲ್ಲ. ಆದುದರಿಂದ ವ್ರಿಹಿಗೆ ಒಂದೆಂದೂ ನರೆದಲೆಗನಿಗೆ ಎಂಟೆಂದೂ ಅಂಕೆ ಬರೆಯುವುದು ವಿಮರ್ಶೆಯಾಗದು. ಆದರೆ ಅದು ಎತ್ತಿ ತೋರಿಸುವ ದೋಷವು ನಿಜವಾದುದು. ಸುಮಾರು 400 ವರ್ಷಗಳಿಗೂ ಹಿಂದೆ ಕನಕದಾಸರು ಆ ದೋಷಕ್ಕೆ ಪರಿಹಾರವನ್ನೂ ಸೂಚಿಸಿರುವರು.

ಪರಿಹಾರವೇ ಸೆರೆ. ರಾಮನು ವಾದಿಗಳ ಮಾತನ್ನು ತೂಗಿ ತೀರ್ಪು ಹೇಳುವುದಿಲ್ಲ. ಕೋಪದಲ್ಲಿ ಆಡಿದ ಆತ್ಮವರ್ಣನೆಯು ಪ್ರಮಾಣವಾಗದೆಂಬುದನ್ನು ಅವನು ಬಲ್ಲನು. ಆರು ತಿಂಗಳು ಕಳೆದ ಮೇಲೆ ಅಯೋಧ್ಯೆಯಲ್ಲಿ ಹೊರತೆಗೆದಾಗ ವ್ರಿಹಿಯು ಕಂದಿ ಕೆಟ್ಟಿರುವನು, ನರೆದಲೆಗನು ಗಟ್ಟಿಯಾಗಿರುವನು. ರಾಮನು ಅವನಿಗೆ ತನ್ನ ರಾಘವನಾಮವನ್ನೇ ಕೊಡುವನು. ‘ರಾಗಿ’ ಎಂಬುದು ಅದರಿಂದಾಯಿತೆಂಬುದು ಕವಿಯ ಚಮತ್ಕಾರವೇ ಹೊರತು ಶಬ್ದಶಾಸ್ತ್ರವಲ್ಲ.

ಇದಕ್ಕೆ ಒಂದು ಆಕ್ಷೇಪವುಂಟು: ಸೆರೆಯು ಪರೀಕ್ಷಿಸಿದುದು ಕಾಳಿನ ಬಾಳಿಕೆಯನ್ನೇ ಹೊರತು ಗುಣವನ್ನಲ್ಲ, ವರ್ಷಗಟ್ಟಲೆ ಹುಳು ಹಿಡಿಯದೆ ಉಳಿಯುವುದು ರಾಗಿಯ ಜಾತಿಧರ್ಮ, ಅದರಲ್ಲಿ ಹಿರಿಮೆಯೇನು? ಉತ್ತರವು ಅವರವರ ವಾದದಲ್ಲಿಯೇ ಇರುವುದು. ನರೆದಲೆಗನು ಕೋಪದಲ್ಲಿಯೂ ಹೇಳಿಕೊಂಡುದು ತಾನು ಮಾಡುವ ಕೆಲಸವನ್ನು: ಬರಗಾಲದಲ್ಲಿ ಉಳಿದು ಉಳಿಸುವುದನ್ನು. ಸೆರೆಯು ಅದನ್ನೇ ಸ್ಥಿರಪಡಿಸಿತು. ವ್ರಿಹಿಯು ಹೇಳಿಕೊಂಡುದು ಪರರು ತನಗೆ ಕೊಟ್ಟ ಸ್ಥಾನವನ್ನು. ಆ ಪರರಿಲ್ಲದ ಕತ್ತಲೆಯಲ್ಲಿ ಅದಕ್ಕೆ ಆಧಾರವಿಲ್ಲವಾಯಿತು. ಕೃತಿಯನ್ನು ಆಶ್ರಯಿಸಿದ ಕೋಪವೂ ಪದವಿಯನ್ನು ಆಶ್ರಯಿಸಿದ ಕೋಪವೂ ಬೇರೆಯೆಂಬ ಈ ವಿವೇಕವೇ ಕಾವ್ಯದ ತಿರುಳು.

ಆದರೂ ನರೆದಲೆಗನು ನಿರ್ದೋಷಿಯಲ್ಲ. ಹೆಣದ ಅಕ್ಕಿಯ ಹಂಗಿನ ಮಾತು ನ್ಯಾಯವಲ್ಲ, ಬರಿಯ ಕ್ರೌರ್ಯ; ಮೃತರಿಗೆ ಸಲ್ಲುವುದು ವ್ರಿಹಿಗೆ ಕುಂದಲ್ಲ. ಅಪಮಾನಿತನ ಅಮರ್ಷವೂ ಮೇರೆ ಮೀರಿದಾಗ ಅಪಮಾನಿಸಿದವನ ಭಾಷೆಯನ್ನೇ ಕಲಿಯುವುದು. ಇಬ್ಬರಿಗೂ ಸೆರೆಯಾದುದರ ಔಚಿತ್ಯವು ಇಲ್ಲಿ ತಿಳಿಯುವುದು. ಇದನ್ನು ಮರೆತು ನರೆದಲೆಗನನ್ನು ಸಾಧುವೆಂದು ಹೊಗಳುವ ಓದುಗನು, ಬಡವರ ಪಕ್ಷದಲ್ಲಿ ತಾನಿರುವೆನೆಂಬ ನಂಬಿಕೆಯಿಂದಲೇ ತನ್ನ ಕೋಪವನ್ನೆಲ್ಲ ನ್ಯಾಯವೆಂದು ಎಣಿಸಿಕೊಳ್ಳುವ ಅಪಾಯವುಂಟು. ಕಾವ್ಯವು ಅವನಿಗೂ ಆರು ತಿಂಗಳ ಅವಧಿಯನ್ನು ವಿಧಿಸುವುದು.