ನ್ಯಾಯವನ್ನರಸಿದ ಸಾಕ್ಷ್ಯಚಿತ್ರಗಳು

ಸ್ವಾತಂತ್ರ್ಯಾನಂತರದ ಮೊದಲ ಎರಡು ದಶಕಗಳಲ್ಲಿ ಭಾರತದ ಸಾಕ್ಷ್ಯಚಿತ್ರವು ಬಹುಮಟ್ಟಿಗೆ ಸರಕಾರದ ಆಶ್ರಯದಲ್ಲಿಯೇ ಬೆಳೆದುದು. 1948ರಲ್ಲಿ ಸ್ಥಾಪಿತವಾದ ಫಿಲ್ಮ್ಸ್ ಡಿವಿಷನ್ನಿನ ಕಿರುಚಿತ್ರಗಳನ್ನು ಚಿತ್ರಮಂದಿರಗಳು ಮುಖ್ಯ ಚಿತ್ರಕ್ಕೆ ಮುನ್ನ ಕಡ್ಡಾಯವಾಗಿ ತೋರಿಸಬೇಕಾಗಿದ್ದ ಆ ಕಾಲದಲ್ಲಿ, ತೆರೆಯ ಮೇಲೆ ಅಣೆಕಟ್ಟುಗಳು ಏಳುತ್ತಿದ್ದವು, ಹೊಲಗಳಿಗೆ ನೀರು ಹರಿಯುತ್ತಿತ್ತು. ಪ್ರಜೆಯಾದವನು ಅಲ್ಲಿ ಉಪಕಾರ ಪಡೆದವನಾಗಿ ತೋರಿಬಂದನಲ್ಲದೆ, ದೂರು ಹೇಳಬಂದವನಾಗಿ ತೋರಿದುದು ಬಲು ವಿರಳ. ಮುಂಬಯಿಯ ವೇಶ್ಯಾವಾಟಿಕೆಯ ಕೆಲವು ದೃಶ್ಯಗಳಿದ್ದ ‘ಎ ಟೇಲ್ ಆಫ್ ಫೋರ್ ಸಿಟೀಸ್’ ಎಂಬ ತಮ್ಮ ಕಿರುಚಿತ್ರಕ್ಕಾಗಿ ಕೆ. ಎ. ಅಬ್ಬಾಸರು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದಾಗ, 1970ರ ತೀರ್ಪು ಸೆನ್ಸಾರಿನ ಅಧಿಕಾರವನ್ನು ಎತ್ತಿಹಿಡಿಯಿತು. ಅನ್ಯಾಯವನ್ನು ಚಿತ್ರಿಸಹೊರಟವರು ಮೊದಲು ತಾವೇ ಕಕ್ಷಿಗಾರರಾಗಬೇಕಾದ ಈ ವಿಧಿ ಅಂದಿಗೆ ಮುಗಿಯಲಿಲ್ಲ. ಆನಂದ ಪಟವರ್ಧನರು 1995ರಲ್ಲಿ ಪೂರ್ಣಗೊಳಿಸಿದ ‘ಫಾದರ್, ಸನ್ ಅಂಡ್ ಹೋಲಿ ವಾರ್’ ಚಿತ್ರವನ್ನು ದೂರದರ್ಶನವು ಪ್ರಸಾರ ಮಾಡಲೇಬೇಕೆಂದು ಅದೇ ನ್ಯಾಯಾಲಯ ಆದೇಶಿಸಿದುದು 2006ರಲ್ಲಿ.

ತುರ್ತುಪರಿಸ್ಥಿತಿಯ ತರುವಾಯ, ರಾಜಕೀಯ ಕೈದಿಗಳನ್ನು ಕುರಿತ ಪಟವರ್ಧನರ ‘ಜಮೀರ್ ಕೆ ಬಂದಿ’ಯಿಂದ (1978) ಮೊದಲ್ಗೊಂಡು ಇಂದಿನವರೆಗೆ ಹರಿದುಬಂದಿರುವ ಸ್ವತಂತ್ರ ಸಾಕ್ಷ್ಯಚಿತ್ರಗಳ ಈ ಪರಂಪರೆಯನ್ನು ಧೈರ್ಯಕ್ಕಾಗಿ ಕೊಂಡಾಡುವುದು ವಾಡಿಕೆಯಾಗಿದೆ. ಆ ಧೈರ್ಯ ನಿಸ್ಸಂಶಯವಾಗಿ ವಂದನಾರ್ಹವಾದುದು. ಆದರೆ ಧೈರ್ಯವನ್ನೇ ಕಲೆಯ ಅಳತೆಗೋಲಾಗಿಸಿದೆವಾದರೆ, ಅನ್ಯಾಯವನ್ನು ಬಯಲಿಗೆಳೆಯುವ ಚಿತ್ರಕ್ಕೂ, ಅನ್ಯಾಯಕ್ಕೊಳಗಾದವರು ತಮ್ಮ ನ್ಯಾಯವನ್ನು ತಾವೇ ವಿಚಾರಿಸಿ ನಿರ್ಣಯಿಸಲು ಸಮರ್ಥರಾಗುವ ಬಗೆಯನ್ನು ಕಾಣಿಸುವ ಚಿತ್ರಕ್ಕೂ ಇರುವ ಅಂತರವು ನಮಗೆ ಗೋಚರಿಸದೆ ಹೋಗುತ್ತದೆ. ಎರಡನೆಯ ಬಗೆಯದೇ ಹೆಚ್ಚಿನದೆಂದು ನನ್ನ ದೃಢವಾದ ಅಭಿಪ್ರಾಯ.

ಮುಂಬಯಿಯ ಕೊಳೆಗೇರಿಗಳ ನೆಲಸಮವನ್ನು ಕುರಿತ ‘ಹಮಾರಾ ಶಹರ್’ ತೆರೆಗೆ ಬಂದುದು 1985ರಲ್ಲಿ. ಅದೇ ವರ್ಷದ ಜುಲೈ ತಿಂಗಳಲ್ಲಿ ಓಲ್ಗಾ ಟೆಲ್ಲಿಸ್ ಮೊಕದ್ದಮೆಯ ತೀರ್ಪನ್ನಿತ್ತ ಸರ್ವೋಚ್ಚ ನ್ಯಾಯಾಲಯವು, ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಅಡಗಿದೆಯೆಂಬ ಮಹತ್ತ್ವದ ತತ್ತ್ವವನ್ನು ಸಾರಿಯೂ, ಮಳೆಗಾಲ ಕಳೆದ ಮೇಲೆ ಪಾದಚಾರಿ ದಾರಿಯ ಗುಡಿಸಲುಗಳನ್ನು ತೆರವುಗೊಳಿಸಲು ಅಡ್ಡಿಯಿಲ್ಲವೆಂದಿತು. ತತ್ತ್ವವು ಗ್ರಂಥಗಳಲ್ಲಿ ಉಳಿಯಿತು, ಗುಡಿಸಲು ಉಳಿಯಲಿಲ್ಲ. ಇವೆರಡರ ನಡುವಣ ಬಿರುಕನ್ನು ಪಟವರ್ಧನರ ಚಿತ್ರವು ಯಾವ ಕಾನೂನು ಪುಸ್ತಕಕ್ಕಿಂತಲೂ ನಿಚ್ಚಳವಾಗಿ ತೋರುತ್ತದೆ. ಅದರಲ್ಲೊಂದು ದೃಶ್ಯವುಂಟು: ಮನೆ ಕಳೆದುಕೊಂಡ ಹೆಂಗಸೊಬ್ಬಳು ಕ್ಯಾಮೆರಾದತ್ತ ತಿರುಗಿ, ಬಡವರ ಚಿತ್ರ ತೆಗೆದು ಹೆಸರು ಗಳಿಸಹೊರಟವರೆಂದು ಚಿತ್ರ ತೆಗೆಯುತ್ತಿರುವವರನ್ನೇ ಜರೆಯುತ್ತಾಳೆ. ಆ ಮಾತನ್ನು ಕತ್ತರಿಸಿಹಾಕುವುದು ಸುಲಭವಿತ್ತು. ಹಾಗೆ ಮಾಡದೆ ಉಳಿಸಿಕೊಂಡುದರಿಂದ ಆ ಕೃತಿಗೆ ಬಂದ ಘನತೆ ಅಸಾಧಾರಣವಾದುದು, ಏಕೆಂದರೆ ಅಲ್ಲಿ ಆಪಾದಿತರ ಸಾಲಿನಲ್ಲಿ ನಿರ್ದೇಶಕನೂ ನಿಂತಿದ್ದಾನೆ.

ಅದೇ ಚಿತ್ರದಲ್ಲಿ ಹಾಡಿದ್ದ ಕವಿ, ಗಾಯಕ ವಿಲಾಸ ಘೋಗರೆ 1997ರ ಜುಲೈ ತಿಂಗಳಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಅದಕ್ಕೆ ಕೆಲವೇ ದಿನಗಳ ಹಿಂದೆ, ಅಂಬೇಡ್ಕರರ ಪ್ರತಿಮೆಗೆ ಚಪ್ಪಲಿಹಾರ ಹಾಕಿದುದನ್ನು ಪ್ರತಿಭಟಿಸಿದ ಮುಂಬಯಿಯ ರಮಾಬಾಯಿ ನಗರದ ದಲಿತರ ಮೇಲೆ ಪೊಲೀಸರು ಗುಂಡು ಹಾರಿಸಿ ಹತ್ತು ಮಂದಿಯನ್ನು ಕೊಂದಿದ್ದರು. ಪಟವರ್ಧನರ ‘ಜೈ ಭೀಮ್ ಕಾಮ್ರೇಡ್’ ಚಿತ್ರವು ಈ ಸಾವುಗಳ ಎಳೆಯನ್ನು ಹಿಡಿದು ಹದಿನಾಲ್ಕು ವರ್ಷ ನಡೆಯಿತು. ಗುಂಡಿನ ದಾಳಿಗೆ ಪೊಲೀಸರು ಕೊಟ್ಟ ಸಮಜಾಯಿಷಿಯನ್ನು ಶೋಧಿಸುವ ಭಾಗಗಳು ವಕೀಲನೊಬ್ಬನ ಪಾಟೀಸವಾಲಿನಷ್ಟು ಕಟುವಾಗಿವೆ. ಆದರೆ ಚಿತ್ರದ ಜೀವ ಅಲ್ಲಿಲ್ಲ. ಓಣಿಗಳಲ್ಲಿ ನಿಂತು ಹಾಡುವ ಜನರು ತಮ್ಮ ಇತಿಹಾಸವನ್ನು ತಮ್ಮದೇ ಲಯದಲ್ಲಿ ನಿರೂಪಿಸುವಷ್ಟು ಹೊತ್ತೂ ನಿರ್ದೇಶಕರು ಸುಮ್ಮನೆ ಕೇಳುತ್ತಾರೆ, ಮೂರು ಗಂಟೆ ಮೀರಿದ ಚಿತ್ರವನ್ನು ಹೊತ್ತು ನಡೆಸುವುದು ಈ ಕೇಳುವಿಕೆಯೇ.

ಈ ಆಲಿಸುವ ವಿದ್ಯೆಯನ್ನು ಇವರಿಗಿಂತ ಮೊದಲೇ, ಇನ್ನೂ ಸೂಕ್ಷ್ಮವಾಗಿ ಸಾಧಿಸಿದವರು 1980ರಲ್ಲಿ ದೀಪಾ ಧನರಾಜ್ ಮತ್ತು ಸಂಗಡಿಗರು ಕಟ್ಟಿದ ‘ಯುಗಾಂತರ’ ತಂಡದವರೆಂಬುದನ್ನು ನಮ್ಮ ವಿಮರ್ಶೆ ಬಹುಕಾಲ ಮರೆತಿತ್ತು. ಆ ತಂಡದ ಚಿತ್ರಗಳ ಪೈಕಿ ‘ತಂಬಾಕು ಚಾಕಿಲಾ ಊಬ್ ಆಲಿ’ (1982) ನಮ್ಮದೇ ಬೆಳಗಾವಿ ಜಿಲ್ಲೆಯ ನಿಪ್ಪಾಣಿಯ ಚಿತ್ರ. ತಂಬಾಕಿನ ಕಾರ್ಖಾನೆಗಳಲ್ಲಿ ದುಡಿಯುವ, ಮರಾಠಿಯಾಡುವ ಹೆಂಗಸರೊಡನೆ ತಿಂಗಳುಗಟ್ಟಲೆ ಕುಳಿತು, ಅವರ ಮಾತು ಕೇಳಿ, ಸಂಘದ ಸಮಾಲೋಚನೆಗಳಲ್ಲಿ ಬೆರೆತು, ಬಳಿಕ ತೆಗೆದ ಚಿತ್ರವಿದು. ಗೋದಾಮಿನೊಳಗೆ ಎಲೆ ಬಡಿದು ಜರಡಿ ಹಿಡಿಯುವಾಗ ಏಳುವ ಧೂಳು ಚೌಕಟ್ಟನ್ನೆಲ್ಲ ಮಬ್ಬಾಗಿಸುತ್ತದೆ. ಆ ಮಬ್ಬಿನ ನಡುವೆ ಸೆರಗಿನಿಂದ ಮೂಗುಬಾಯಿ ಮುಚ್ಚಿಕೊಂಡ ದುಡಿಮೆಗಾರ್ತಿಯರು. ಅದೇ ಹೆಂಗಸರು ಮುಂದೆ ಒಟ್ಟುಗೂಡಿ ಕೂಲಿಯ ಲೆಕ್ಕವನ್ನೂ ಅವಮಾನದ ಲೆಕ್ಕವನ್ನೂ ಬಿಚ್ಚುವಾಗ, ನೋಡುಗನಿಗೆ ಅವರ ಮೇಲೆ ಕನಿಕರ ಹುಟ್ಟುವುದಿಲ್ಲ, ಅವರ ವಾದದಲ್ಲಿ ವಿಶ್ವಾಸ ಹುಟ್ಟುತ್ತದೆ. ಕನ್ನಡನಾಡಿನ ಗಡಿಯಲ್ಲಿ ನಡೆದ ಇಂಥ ಹೋರಾಟದ ಚಿತ್ರ ನಮ್ಮ ಕಾಲೇಜುಗಳಲ್ಲಿ ಪಾಠವಾಗಬೇಕಾದುದು.

ದೀಪಾ ಅವರೇ ಮೂರು ದಶಕಗಳ ತರುವಾಯ ಮಾಡಿದ ‘ಇನ್ವೋಕಿಂಗ್ ಜಸ್ಟಿಸ್’ (2011) ಈ ಮಾರ್ಗದ ಶಿಖರವೆಂದು ನಾನೆಣಿಸಿದ್ದೇನೆ. ಹೆಣ್ಣಿನ ಬಾಳ್ವೆಯನ್ನೇ ತೀರ್ಮಾನಿಸುವ ಜಮಾತೆಂಬ ಸಮುದಾಯ ಪಂಚಾಯಿತಿಯಲ್ಲಿ ಗಂಡಸರಷ್ಟೇ ಕೂಡುತ್ತಿದ್ದ ತಮಿಳುನಾಡಿನಲ್ಲಿ, ಮುಸ್ಲಿಂ ಮಹಿಳೆಯರು ತಮ್ಮದೇ ಜಮಾತನ್ನು ಕಟ್ಟಿಕೊಂಡು, ತಲಾಖ್, ವರದಕ್ಷಿಣೆ, ಹಿಂಸೆಗಳ ದೂರುಗಳನ್ನು ಆಲಿಸಿ, ಎದುರು ಪಕ್ಷದವರನ್ನೂ ಪ್ರಶ್ನಿಸಿ, ಅಗತ್ಯ ಬಿದ್ದಲ್ಲಿ ಪೊಲೀಸ್ ಠಾಣೆಗೂ ಹೋಗಿ ಹಟ ಹಿಡಿಯುತ್ತಾರೆ. ನ್ಯಾಯವಿಚಾರಣೆಯೆಂಬುದು ಕಲಿತು ಬರುವ ಶ್ರಮ, ಅದರಲ್ಲಿ ಸಂದೇಹಕ್ಕೂ ಸಹನೆಗೂ ಸ್ಥಾನವಿದೆ ಎಂಬುದನ್ನು ಇಷ್ಟು ಹತ್ತಿರದಿಂದ ತೋರಿದ ಭಾರತೀಯ ಚಿತ್ರ ಇನ್ನೊಂದನ್ನು ನಾನರಿಯೆ.

ಇಷ್ಟಾಗಿಯೂ ಈ ಪರಂಪರೆಯಲ್ಲಿ ದೊಡ್ಡದೊಂದು ಕೊರತೆಯಿದೆ. ಕೊಲೆ ನಡೆದ ಬೀದಿಯನ್ನೂ ಪ್ರತಿಭಟನೆಯ ಮೆರವಣಿಗೆಯನ್ನೂ ಈ ಚಿತ್ರಗಳು ಬಲ್ಲವು. ಅವೆರಡರ ಬಳಿಕ ಹಬ್ಬುವ ವಾಯಿದೆಗಳ ಮರುಭೂಮಿಯನ್ನು ಬಲ್ಲವು ಅತಿ ಕಡಮೆ. ನ್ಯಾಯಾಲಯದೊಳಗೆ ಕ್ಯಾಮೆರಾಕ್ಕೆ ಬಹುಕಾಲ ಪ್ರವೇಶವಿರಲಿಲ್ಲವೆಂಬುದು ನಿಜ. ಆದರೆ ಜಗಲಿಗೆ, ವಕೀಲರ ಗುಮಾಸ್ತನ ಮೇಜಿಗೆ, ಜಾಮೀನಿಗೆ ಶ್ಯೂರಿಟಿ ಹುಡುಕುತ್ತ ಅಲೆಯುವ ತಾಯಿಯ ದಾರಿಗೆ ಅಂಥ ನಿಷೇಧವಿದ್ದಿಲ್ಲ. ಭಾಗಲ್ಪುರದಲ್ಲಿ ಪೊಲೀಸರು ಬಂದಿಗಳ ಕಣ್ಣು ಚುಚ್ಚಿ ಆಮ್ಲ ಸುರಿದ ಪ್ರಕರಣವನ್ನು ತಪನ್ ಬೋಸರು 1981ರಲ್ಲಿ ಚಿತ್ರಿಸಿದರು. ಅದೇ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಬಡ ಆರೋಪಿಯನ್ನು ಮ್ಯಾಜಿಸ್ಟ್ರೇಟರ ಮುಂದೆ ಮೊದಲ ಬಾರಿಗೆ ಹಾಜರುಪಡಿಸಿದಾಗಿನಿಂದಲೇ ಉಚಿತ ವಕೀಲನ ನೆರವು ಸಲ್ಲಬೇಕೆಂದು ವಿಧಿಸಿತು. ಆ ವಿಧಿ ತಾಲ್ಲೂಕು ಕೋರ್ಟುಗಳಲ್ಲಿ ಪ್ರತಿದಿನ ಹೇಗೆ ಪಾಲನೆಯಾಗುತ್ತಿದೆ, ಹೇಗೆ ಮುರಿಯುತ್ತಿದೆ ಎಂಬುದನ್ನು ಒಂದು ವರ್ಷ ಅಲ್ಲೇ ಕುಳಿತು ನೋಡಿದ ಚಿತ್ರ ನನ್ನ ಕಣ್ಣಿಗೆ ಬಿದ್ದಿಲ್ಲ. ಮಲ ಹೊರುವ ಪದ್ಧತಿಯನ್ನು 1993ರಲ್ಲೊಮ್ಮೆ, 2013ರಲ್ಲಿ ಮತ್ತೊಮ್ಮೆ ಶಾಸನವು ನಿಷೇಧಿಸಿದ ಮೇಲೂ ಅದು ನಡೆದೇ ಇರುವುದನ್ನು ದಿವ್ಯಾ ಭಾರತಿ 2017ರ ‘ಕಕ್ಕೂಸ್’ ಚಿತ್ರದಲ್ಲಿ ಮುಖಕ್ಕೆ ಹಿಡಿದರು. ಗುಂಡಿಗಿಳಿದವರನ್ನು ನಾವು ಆ ಚಿತ್ರದಲ್ಲಿ ಕಂಡಿದ್ದೇವೆ. ಅವರನ್ನು ಇಳಿಸಿದವರ ಮೇಲಿನ ಕಡತವು ಯಾವ ಮೇಜಿನಿಂದ ಯಾವ ಮೇಜಿಗೆ ಹೋಯಿತು, ಎಲ್ಲಿ ನಿಂತಿತು, ಯಾರ ಸಹಿಗಾಗಿ ಕಾದಿತು ಎಂಬುದನ್ನು ಬೆನ್ನಟ್ಟುವ ನಿರ್ದೇಶಕರು ಇನ್ನು ಮುಂದೆ ಬರಬೇಕಾಗಿದೆ.